ಮೊದಲ ಸಾವಿರ ಚೀಟಿ

ಆರೋಗ್ಯ ಕಚೇರಿಯಲ್ಲಿ ಉಮೈಮಾಳ ಕಂಪ್ಯೂಟರ್ ಮೂರನೇ ಸಲ ಕೈಚೆಲ್ಲಿದಾಗ, ಉಪವಾಸ ಬಿಡುವ ಹೊತ್ತು ಸಾರುವ ಇಫ್ತಾರಿನ ತೋಪು ಹಾರಲು ಅರ್ಧ ಗಂಟೆಯಷ್ಟೇ ಉಳಿದಿತ್ತು. ಕೆಟ್ಟುಹೋದ ಇನ್ಸುಲಿನ್ ಯಾರ ಯಾರ ಮನೆ ಸೇರಿದೆಯೆಂದು ದೇಶದ ಈ ತಿಂಗಳ ನಲವತ್ತು ಲಕ್ಷ ಔಷಧ ಚೀಟಿಗಳಲ್ಲಿ ಹುಡುಕಬೇಕಿತ್ತು. ಉಪವಾಸ ಬಿಡುವ ಮುನ್ನ ಆ ಮನೆಗಳ ಸಕ್ಕರೆ ಕಾಯಿಲೆಯವರು ಅದನ್ನೇ ಚುಚ್ಚಿಕೊಳ್ಳುವವರು.

"ನಜೀಬಾ ಅಕ್ಕ, ಎಲ್ಲಾ ಚೀಟಿ ಬಂದು ಸೇರೋದ್ರೊಳಗೆ ಮೆಮೊರಿ ತುಂಬಿ ಸಾಯ್ತಿದೆ ಇದು," ಎಂದಳು ಉಮೈಮಾ.

ಕಚೇರಿಯ ಹಿರಿಯಳು ನಜೀಬಾ ಪರದೆಯತ್ತ ಬಾಗಿದಳು. "ಅಲ್ವೇ ಹುಡುಗಿ, ದಿನವೆಲ್ಲ ಉಪವಾಸ ಇದ್ದು ಹಂಡೆ ತುಂಬ ಶೋರ್ಬಾ ಸಾರನ್ನ ಒಂದೇ ಗುಟುಕಿಗೆ ಇಳಿಸ್ತೀಯಾ? ಮೊದಲು ಒಂದು ಖರ್ಜೂರ ತಾನೆ!" ಎನ್ನುತ್ತ ಪ್ರೋಗ್ರಾಮಿನ ಒಂದೇ ಒಂದು ಸಾಲು ತಿದ್ದಿದಳು: ಒಮ್ಮೆಗೆ ಸಾವಿರ ಚೀಟಿ ತಾ, ನೋಡಿ ಬಿಟ್ಟುಬಿಡು, ಮತ್ತೆ ಸಾವಿರ ತಾ.

ಕಣ್ಣು ಮಿಟುಕಿಸುವಷ್ಟರಲ್ಲಿ ಮೊದಲ ಸಾವಿರ ಬಂತು. ಅದರಲ್ಲಿ ಆ ಇನ್ಸುಲಿನ್ ಪಡೆದವರ ಮೂರು ಹೆಸರು. ಉಮೈಮಾ ಬೆರಗಾಗಿ ನೋಡುತ್ತಿರುವಂತೆಯೇ ಮಿಕ್ಕವು ಬರತೊಡಗಿದವು. ನಜೀಬಾ ಕಾಯಲಿಲ್ಲ, ಫೋನನ್ನು ಅವಳತ್ತ ತಳ್ಳಿದಳು. ಅಪರಿಚಿತರೊಡನೆ ಮಾತೆಂದರೆ ಬೆವರುವ ಹುಡುಗಿ ಮೊದಲ ಹೆಸರಿನ ನಂಬರು ಒತ್ತಿದಳು; ಎತ್ತಿದ್ದು ಮುದುಕಿಯೊಬ್ಬಳು. "ಅಜ್ಜಿ, ಆರೋಗ್ಯ ಕಚೇರಿಯಿಂದ. ಮನೇಲಿರೋ ಇನ್ಸುಲಿನ್ ಮುಟ್ಟಬೇಡಿ, ಈಗಲೇ ಬೇರೆ ಕಳಿಸ್ತೀವಿ!"

"ಅಯ್ಯೋ ಮಗಳೇ," ಎಂದಿತು ಆಚೆಯ ದನಿ, "ಸೂಜಿ ಕೈಯಲ್ಲೇ ಇದೆಯಲ್ಲೇ, ಇನ್ನೇನು ಚುಚ್ಕೋಬೇಕು ಅಂತಿದ್ದೆ."