ಹೊರಗಡೆಯ ಚಿಲಕ

"ಚಿಲಕ ಒಳಗಡೆ ತಾನೇ?" ಹಿಂದಿನ ಕೋಣೆಯ ಬಾಗಿಲ ಮುಂದೆ ಕೂತಿದ್ದ ಬಡಗಿಯಾಗಿದ್ದ ಅಣ್ಣ ತಮ್ಮನನ್ನು ಕೇಳಿದ.

ತಮ್ಮ ಮುಖ ತಪ್ಪಿಸಿದ. "ಹೊರಗಡೆ ಹಾಕಣ್ಣಾ. ಸಾಮಾನಿಡೋ ಕೋಣೆ."

ಅಣ್ಣ ಯಾರ ಮೇಲೂ ಕೈ ಎತ್ತಿದವನಲ್ಲ. ಆದರೂ ಡಾಕ್ಟರು ಅವನಿಗಿರುವುದು ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಎಂದ ದಿನವೇ ಅಮ್ಮ ಅಡುಗೆಮನೆಯ ಚಾಕುಗಳನ್ನೆಲ್ಲ ಬೀರುವಿಗೆ ಸೇರಿಸಿ ಬೀಗ ಹಾಕಿದ್ದಳು. ಅಣ್ಣನ ಚೀಲದ ತುಂಬ ಇದ್ದ ಉಳಿಗಳು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಕೊನೆಯ ಸ್ಕ್ರೂ ಬಿಗಿದು ಅಣ್ಣ ಕೋಣೆಯೊಳಗೆ ಇಣುಕಿದ. ಅವನದೇ ಹಾಸಿಗೆ, ಅವನದೇ ದಿಂಬು. "ಸಾಮಾನು ಆಗಲೇ ಬಂದ್ಬಿಟ್ಟಿದೆಯಲ್ಲೋ," ಎಂದು ನಕ್ಕವನೇ ಚೀಲ ಎತ್ತಿಕೊಂಡು ಒಳಹೋಗಿ ಬಾಗಿಲು ಮುಚ್ಚಿಕೊಂಡ.

ಒಳಗೆ ಸ್ಕ್ರೂ ತಿರುಗುವ ಸದ್ದು ಶುರುವಾಯಿತು. ತಮ್ಮ ಬಾಗಿಲು ತಟ್ಟಿದ. "ಅಣ್ಣಾ, ಏನ್ ಮಾಡ್ತಿದ್ದೀಯ?"

"ಈ ಕಡೆಗೂ ಒಂದು ಚಿಲಕ ಹಾಕ್ತಿದ್ದೀನಿ ಕಣೋ. ನಿಮಗಿರೋ ಭಯ ನನಗಿರಲ್ವಾ?"