ಜಾರುವ ದಡ

ಕೃಷಿಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಕರಿಯನ ಉಗುರುಗಳು ಮತ್ತೆ ಜಾರಿದವು. ನೀರು ಕಂಡಲ್ಲೆಲ್ಲ ಧುಮುಕುವ ಆ ನಾಯಿಗೆ, ನಂದಗುಡಿಯ ಕೆರೆಯಲ್ಲಿ ಸಿಗುವಂತೆ ಇಲ್ಲಿಯೂ ಮಣ್ಣಿನ ದಡ ಸಿಗುವುದೆಂಬ ನಂಬಿಕೆಯಿತ್ತು. ನೀರಿಗಿಳಿದ ಬೈರಣ್ಣ ಅದನ್ನು ಹೆಗಲಿಗೇರಿಸಿ ಮೇಲಕ್ಕೆ ತಳ್ಳಿದ. ತಾನು ಹತ್ತಹೋದಾಗ ಅವನ ಕಾಲೂ ನಿಲ್ಲಲಿಲ್ಲ.

ಹೆಂಡತಿ ಮಾರಕ್ಕ ಹಸುವಿನ ಹಗ್ಗವನ್ನು ಕಂಬಕ್ಕೆ ಬಿಗಿದು ಎಸೆದಳು. "ನಾಯಿಗಂತೂ ಬುದ್ಧಿ ಇಲ್ಲ, ನಿಂಗೂ ಇಲ್ವಾ? ಗಟ್ಟಿಯಾಗ್ ಹಿಡ್ಕೊ!"

"ಆಮೇಲ್ ಬೈಯುವಂತೆ ಕಣೇ, ಈಗ ಎಳಿ. ಕೈ ಸೋತೋಯ್ತು."

ಅವನು ಅರ್ಧ ಹತ್ತಿದ್ದ. ದಡದಲ್ಲಿ ಮೈ ಕೊಡವಿಕೊಂಡ ಕರಿಯ, ಯಜಮಾನ ಆಟಕ್ಕೆ ಕರೆಯುತ್ತಿದ್ದಾನೆಂದೇ ಭಾವಿಸಿ, ಅವನ ತಲೆಯ ಮೇಲಿಂದ ಹೊಂಡಕ್ಕೆ ಹಾರಿತು.

"ಬಿಡ್ಬೇಡ ಹಗ್ಗಾನ!" ಎಂದು ಮಾರಕ್ಕ ಕೂಗುವಷ್ಟರಲ್ಲಿ, ಬೈರಣ್ಣ ಹಗ್ಗ ಬಿಟ್ಟು ಕರಿಯನತ್ತ ಕೈಚಾಚಿದ್ದ.