ನಲವತ್ತು ಹುಡುಗಿಯರ ಪತ್ರಿಕೆ

ನಲವತ್ತು ಹಾಳೆಗಳೂ ಸೀಸದಕಡ್ಡಿಯಲ್ಲೇ ತುಂಬಿದ್ದವು. ಅದೂ ಒಂದೇ ಮೊಂಡು ಕಡ್ಡಿಯಲ್ಲಿ ಬರೆದ ಹಾಗೆ.

ಸಂಪಾದಕಿ ಕನ್ನಡಕ ಮೇಲೇರಿಸಿ ಎದುರಿಗಿದ್ದ ದರ್ಜಿಯಮ್ಮನನ್ನು ನೋಡಿದಳು. “ಇದನ್ನೆಲ್ಲ ಹುಡುಗಿಯರೇ ಬರೆದರಾ?”

“ಮತ್ತೆ ನಾನು ಬರೀತೀನಾ? ನನಗೆ ಅಳತೆ ಬರೆಯೋಕೇ ಪುರುಸೊತ್ತಿಲ್ಲ.”

ದರ್ಜಿಯಮ್ಮ, ಪತ್ರಿಕೆಗೆ ಫೋಟೋ ತೆಗೆಯುವ ದಿನಗಳಲ್ಲಿ ರೂಪದರ್ಶಿಯರ ಉಡುಪು ಹಿಡಿದು ಬಿಡಿಸಿ ಸರಿಮಾಡಲು ಬರುತ್ತಿದ್ದವಳು. ಮಧ್ಯಾಹ್ನಗಳಲ್ಲಿ ಎಲ್ಲೋ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆಂದು ತಿಳಿದಾಗ, ಪ್ರಶ್ನೆಗಳ ಹಾಳೆ ಕೊಟ್ಟು ಕಳಿಸಿದವಳು ಸಂಪಾದಕಿಯೇ. “ಎಲ್ಲರೂ ಒಟ್ಟಿಗಿರ್ತಾರಾ? ಹಾಸ್ಟೆಲ್ಲಾ?” ಎಂದು ಕೇಳಿದಾಗ ದರ್ಜಿಯಮ್ಮನ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನುಗಳಿದ್ದವು. “ಹೂಂ” ಅಂದಿದ್ದಳು.

ಯುವತಿಯರಿಗಾಗಿ ಹೊಸ ಫ್ಯಾಷನ್ ಪತ್ರಿಕೆ. ಐವತ್ತಮೂರು ವರ್ಷದ ಸಂಪಾದಕಿಗೆ ಇದು ಮೂರನೆಯದು. ಹಿಂದಿನವೆರಡೂ ಅವಳ ಕೈಯಲ್ಲೇ ಕಣ್ಣುಮುಚ್ಚಿದ್ದವು. “ಇದೂ ಹೋಯಿತೋ, ನಿಮಗೊಂದು ದೊಡ್ಡ ನಮಸ್ಕಾರ” ಎಂದು ಪತ್ರಿಕೆಯ ಯಜಮಾನರು ಕೈಮುಗಿದು ತೋರಿಸಿಯೂ ಆಗಿತ್ತು. ಇಪ್ಪತ್ತರ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಮನೆಯಲ್ಲಿದ್ದದ್ದು ಇಬ್ಬರು ಗಂಡುಮಕ್ಕಳು.

ಪುಟ ವಿನ್ಯಾಸಗಾರನಿಗೆ ಮಾತ್ರ ಹಾಳೆಗಳನ್ನು ಓದಿ ಹುಚ್ಚು ಹಿಡಿದಂತಾಯಿತು.

“ನೋಡಿ ಮೇಡಂ, ‘ಬಿಳಿ ಬಟ್ಟೆ ಬೇಡವೇ ಬೇಡ.’ ಮೂವತ್ತೊಂದು ಜನ! ಎಂಥಾ ಬಂಡಾಯ! ಇಲ್ಲಿ ನೋಡಿ, ‘ಗೋಡೆ ಮುಂದೆ ನಿಲ್ಲಿಸಿ ತೆಗೆದ ಫೋಟೋ ಹಾಕಬೇಡಿ, ಹಿಂದೆ ರಸ್ತೆ ಕಾಣಲಿ.’ ಸ್ಟುಡಿಯೋ ಕಾಲ ಮುಗೀತು ಅಂತ ನಾನು ಎಷ್ಟು ಬಡ್ಕೊಂಡೆ!”

“‘ಪುಸ್ತಕಕ್ಕೆ ಪಿನ್ ಹೊಡೀಬೇಡಿ’ ಅಂತಿದೆಯಲ್ಲ, ಅದು?”

ಅವನು ಆ ಹಾಳೆ ಎತ್ತಿಕೊಂಡ. “ಸದಾ ಸುತ್ತಾಡೋ ಹುಡುಗಿಯರು. ಬ್ಯಾಗಲ್ಲಿ ಪಿನ್ನು ದುಪಟ್ಟಾಗೆ ಸಿಕ್ಕಿಕೊಂಡರೆ ದಾರ ಕಿತ್ತು ಬರುತ್ತೆ. ಅಂಟು ಹಾಕಿ ಬೈಂಡ್ ಮಾಡೋಣ.”

ಹಾಗೇ ಮಾಡಿದರು. ‘ಹೊಸ ಉಡುಪು ತೊಟ್ಟು ಎಲ್ಲಿಗೆ ಹೋಗಲು ಇಷ್ಟ?’ ಎಂಬ ಪ್ರಶ್ನೆಗೆ ಪಾರ್ಟಿ, ಸಿನಿಮಾ, ಸಮುದ್ರ ಎಂಬ ಉತ್ತರ ಬರಬಹುದೆಂದು ಸಂಪಾದಕಿ ಪುಟಗಳನ್ನೂ ಕಾದಿರಿಸಿದ್ದಳು. ಹೆಚ್ಚಿನವರು ಬರೆದದ್ದು ಒಂದೇ ಪದ: ಮನೆಗೆ. ವಿನ್ಯಾಸಗಾರ ಮೇಜು ಗುದ್ದಿ, ಮನೆಯುಡುಪಿಗೇ ಹನ್ನೆರಡು ಪುಟ ಎಳೆದ.

ಒಂದು ಹಾಳೆ ಮಾತ್ರ ಸಂಪಾದಕಿಯ ಕೈಬಿಡಲಿಲ್ಲ. ‘ಕನ್ನಡಿಯಲ್ಲಿ ತಲೆಯಿಂದ ಪಾದದವರೆಗೆ ನೋಡಿಕೊಂಡು ಎರಡು ವರ್ಷವಾಯಿತು. ಎಷ್ಟು ಎತ್ತರವಾಗಿದ್ದೇನೋ ಏನೋ.’ ಅವಳು ಅದನ್ನು ಮೂರು ಸಲ ಓದಿದಳು. ಮೊದಲ ಸಲ ಅಡಿಗೆರೆ ಎಳೆದಳು. ಮೂರನೆಯ ಸಲ ಅನುಮಾನ ಬಂತು. ಎರಡು ವರ್ಷ ಕನ್ನಡಿ ನೋಡದ ಹುಡುಗಿ ಯಾವ ಲೋಕದಲ್ಲಿದ್ದಾಳೆ? ದರ್ಜಿಯಮ್ಮ ಮನೆಯಲ್ಲಿ ಕುಳಿತು ನಲವತ್ತನ್ನೂ ತಾನೇ ಗೀಚಿ ತಂದಿಲ್ಲವಷ್ಟೇ?

ಕೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮಾದರಿ ಸಂಚಿಕೆ ಯಜಮಾನರ ಕೈಸೇರಿತ್ತು, ಯಜಮಾನರು ಹಿಂದೆಂದೂ ಇಲ್ಲದಂತೆ ನಕ್ಕಿದ್ದರು. ಮುಖಪುಟಕ್ಕೆ ಅಡಿಬರಹವನ್ನೂ ಅವರೇ ಬರೆದುಕೊಟ್ಟರು: ‘ಯಾರ ತಡೆಯೂ ಇಲ್ಲದ ಹುಡುಗಿಗೆ’.

“ಬಿಡುಗಡೆ ಸಮಾರಂಭಕ್ಕೆ ಆ ನಲವತ್ತು ಜನಾನೂ ಬರಬೇಕು” ಅಂದರು. “ವೇದಿಕೆ ಮೇಲೆ, ಸಾಲಾಗಿ. ಪೇಪರಿನವರಿಗೆ ಹೇಳಿಯಾಗಿದೆ.”

ಸಂಪಾದಕಿ ಆ ಕ್ಷಣವೇ ಎದ್ದಳು. ನೇರ ದರ್ಜಿಯಮ್ಮನ ಬಳಿ ಹೋದಳು.

“ಅವರು ಬರೋದಿಲ್ಲಮ್ಮ.”

“ಯಾಕೆ?”

“ಬಿಡೋದಿಲ್ಲ.”

“ಒಂದು ಸಂಜೆಗೂ? ವಾರ್ಡನ್ ಅಷ್ಟು ಕಟ್ಟುನಿಟ್ಟಾ?”

“ಆಕೆ ಒಳ್ಳೆಯವಳೇ. ಆಕೆ ಕೈಯಲ್ಲೇನಿದೆ ಪಾಪ?”

ಹಾಳೆಗಳೆಲ್ಲ ಸುಳ್ಳೆಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. ಸಂಪಾದಕಿ ದನಿ ಗಟ್ಟಿಮಾಡಿದಳು. “ವಿಳಾಸ ಕೊಡಿ. ನಾನೇ ಹೋಗಿ ಕೇಳ್ತೀನಿ.”

ದರ್ಜಿಯಮ್ಮ ಕೈಯಲ್ಲಿದ್ದ ಹೊಲಿಗೆ ಬದಿಗಿಟ್ಟಳು. ಆಮೇಲೆ ಅಳತೆಯ ಚೀಟಿಯ ಬೆನ್ನಿಗೆ ಎರಡು ಸಾಲು ಬರೆದು ಕೊಟ್ಟಳು. “ಹಿಂದಿನ ಗೇಟಿಗೆ ಹೋಗಿ. ಮುಂದೆ ತುಂಬ ಜನ ಇರ್ತಾರೆ. ನೀವು ಇಷ್ಟು ದಿನ ಕೇಳಲೇ ಇಲ್ಲ ನೋಡಿ.”

ಬಸ್ಸಿನಲ್ಲಿ ಸಂಪಾದಕಿ ತನ್ನ ರಾಜೀನಾಮೆಯ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತಳು. ಹಿಂದಿನ ಗೇಟಿನ ಬಳಿ ಬೋರ್ಡಿರಲಿಲ್ಲ. ಉದ್ದನೆಯ ಕಾಂಪೌಂಡು, ಹಸಿರು ಬಳಿದ ಬಾಗಿಲು, ಒಳಗೆಲ್ಲೋ ಹೊಲಿಗೆ ಯಂತ್ರಗಳ ಸದ್ದು. ಆ ಸದ್ದು ಕೇಳಿ ಅವಳಿಗೆ ತುಸು ಜೀವ ಬಂತು. ಬಾಗಿಲು ತಟ್ಟಿದಳು. ಸಣ್ಣ ಕಿಂಡಿ ತೆರೆಯಿತು. ನಿದ್ದೆಗಣ್ಣಿನ ಕಾವಲಿನ ಹೆಂಗಸು ಇಣುಕಿದಳು.

“ಹೊಲಿಗೆ ಕಲಿಯೋ ಹುಡುಗಿಯರನ್ನ ನೋಡಬೇಕಿತ್ತು. ನಲವತ್ತು ಜನ... ಇದ್ದಾರಲ್ವಾ?”

“ಇದ್ದಾರೆ.”

“ನಿಜವಾಗಿ? ನಲವತ್ತೂ ಜನ?”

“ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಎಣಿಸ್ತೀನಿ ತಾಯಿ. ಒಬ್ಬಳು ಕಮ್ಮಿಯಾದರೂ ನನ್ನ ಕೆಲಸ ಹೋಗುತ್ತೆ.”

ಸಂಪಾದಕಿ ಕಣ್ಣುಮುಚ್ಚಿ ಉಸಿರುಬಿಟ್ಟಳು. ಹುಡುಗಿಯರು ಇದ್ದಾರೆ! ದರ್ಜಿಯಮ್ಮ ಸುಳ್ಳು ಹೇಳಿಲ್ಲ. ಪತ್ರಿಕೆ ಉಳಿಯಿತು, ತಾನೂ ಉಳಿದೆ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಿಜವಾದ ನಗು ಮೂಡಿತು.

ಕಾವಲಿನ ಹೆಂಗಸು ದಪ್ಪನೆಯ ಪುಸ್ತಕ ತೆರೆದು ಪೆನ್ನು ಕೊಡವಿದಳು.

“ಹೇಳಿ, ಯಾವ ಕೈದಿಯ ಕಡೆಯವರು ನೀವು?”